ನಿಮ್ಮ ಊರಿನಲ್ಲೂ ಕಡಲಿದೆಯಲ್ಲ?

ಕಳೆದ ಭಾನುವಾರ ಒಂಬತ್ತು ವರ್ಷದ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಇಂಗ್ಲೆಂಡಿನ ಹ್ಯಾಂಬಲ್ ನದಿಯಲ್ಲಿ ನಮ್ಮ ಹಾಯಿದೋಣಿಯನ್ನು ಕಟ್ಟುವ ತೇಲುಕಟ್ಟೆಯಲ್ಲಿ ನಮ್ಮ ಪಕ್ಕದ್ದು ಅವಳ ಅಜ್ಜಿಯ ದೋಣಿ. ನಮ್ಮ ದೋಣಿಯ ಹಿಂಬದಿಯಲ್ಲಿ ಬರೆಸಿರುವ ಕನ್ನಡದ ಅಕ್ಷರಗಳನ್ನು ಬೆರಳಿನಿಂದ ಒಂದೊಂದಾಗಿ ತಡವುತ್ತಾ ಇದರ ಅರ್ಥವೇನು ಎಂದಳು. "ಅಳಿವೆ. ನದಿ ಕಡಲಿಗೆ ಸೇರುವ ಬಾಯಿ" ಎಂದೆ. ನಾನು ಹುಟ್ಟಿದ ಗಂಗೊಳ್ಳಿಯಲ್ಲಿ ಅಂಥದೊಂದು ಅಳಿವೆ ಇದೆ, ಐದು ನದಿಗಳು ಒಂದಾಗಿ ಅಲ್ಲಿಂದ ಕಡಲಿಗೆ ಇಳಿಯುತ್ತವೆ, ನಮ್ಮ ಮನೆಯಿಂದ ನಡೆದರೆ ಹತ್ತು ನಿಮಿಷ ಎಂದು ಹೆಮ್ಮೆಯಿಂದಲೇ ವಿವರಿಸಿದೆ. ಅವಳು ಹುಬ್ಬು ಗಂಟಿಕ್ಕಿ ನೋಡಿದಳು.

"ಹಾಗಾದರೆ ನಿಮ್ಮ ಊರಿನಲ್ಲೂ ಕಡಲಿದೆಯಲ್ಲ? ಮತ್ತೆ ನಿಮಗೆ ಯಾರೂ ಏಕೆ ಕಲಿಸಲಿಲ್ಲ?"

ಅವಳಲ್ಲಿ ಕುಹಕವಿರಲಿಲ್ಲ. ಆಪ್ಟಿಮಿಸ್ಟ್ ಎಂಬ ಮಕ್ಕಳ ಪುಟ್ಟ ಹಾಯಿದೋಣಿಯಲ್ಲಿ ಆರನೆಯ ವಯಸ್ಸಿಗೇ ಒಬ್ಬಳೇ ಕುಳಿತವಳು ಅವಳು. ಕಡಲ ಪಕ್ಕದಲ್ಲಿ ಹುಟ್ಟಿದವರಿಗೆಲ್ಲ ದೋಣಿ ನಡೆಸಲು ಬರುತ್ತದೆ ಎಂದುಕೊಂಡಿದ್ದಾಳೆ. ನಲವತ್ತೇಳನೆಯ ವಯಸ್ಸಿನಲ್ಲಿ ಹಗ್ಗದ ಗಂಟು ಅಭ್ಯಾಸ ಮಾಡುತ್ತಾ ಕುಳಿತ ನನ್ನನ್ನು ಕಂಡು ಅವಳಿಗೆ ಸೋಜಿಗವಾದದ್ದು ಸಹಜ.

ದೋಣಿ ನಮಗೆ ಹೊಸದು. ಅದಕ್ಕೆ ಮೂವತ್ತು ವರ್ಷ ದಾಟಿದೆ. ಇಪ್ಪತ್ತೊಂಬತ್ತು ಅಡಿ ಉದ್ದ, ಒಳಗೆ ಇಬ್ಬರು ಹಾಯಾಗಿ ಮಲಗಬಹುದು, ಬೆನ್ನು ಬಾಗಿಸಿ ನಿಲ್ಲಬಹುದಾದ ಅಡುಗೆಯ ಮೂಲೆಯೊಂದಿದೆ. ಅದು ಬೇಕೆಂದು ಹೊರಟವರು ನನ್ನ ಗಂಡ. ಇವರು ಚಳ್ಳಕೆರೆಯ ಕಡೆಯವರು, ಇಪ್ಪತ್ತೆರಡು ತುಂಬುವವರೆಗೆ ಕಡಲನ್ನು ಕಂಡವರಲ್ಲ. ಬೇಡವೆಂದು ಎರಡು ವರ್ಷ ಹಟ ಹಿಡಿದವಳು ಕಡಲೂರಿನಲ್ಲಿ ಬೆಳೆದ ನಾನು. ಇಂಗ್ಲೆಂಡಿನಲ್ಲಿ ಇಂಥ ಸ್ವಂತದ ದೋಣಿಯನ್ನು ನಡೆಸಲು ಪರವಾನಗಿಯೇ ಬೇಕಿಲ್ಲ ಎಂದು ತಿಳಿದಾಗ ನನ್ನ ಭಯ ಇನ್ನಷ್ಟು ಹೆಚ್ಚಿತು. ಕಾನೂನು ಕೇಳದಿದ್ದರೂ ನಾನು ಕೇಳುತ್ತೇನೆ, ಇಬ್ಬರೂ ಐದು ದಿನದ ತರಬೇತಿ ಮುಗಿಸಿದ ಮೇಲೆಯೇ ದೋಣಿ ಎಂದೆ. ಅದರಂತೆಯೇ ಆಯಿತು.

ತರಬೇತಿಯ ಮೊದಲ ದಿನವಿಡೀ ಹೆಸರುಗಳನ್ನು ಕಲಿಯುವುದರಲ್ಲಿಯೇ ಕಳೆಯಿತು. ದೋಣಿಯಲ್ಲಿ ಯಾವ ಹಗ್ಗವನ್ನೂ ಬರಿಯ ಹಗ್ಗ ಎನ್ನುವುದಿಲ್ಲ. ಹಾಯಿಯನ್ನು ಮೇಲೇರಿಸುವುದು ಹ್ಯಾಲ್ಯರ್ಡ್. ಹಾಯಿಯ ಮೂಲೆಯನ್ನು ಎಳೆದು, ಸಡಿಲಿಸಿ ಗಾಳಿಗೆ ಹದಗೊಳಿಸುವುದು ಶೀಟ್. ಕಟ್ಟೆಯ ಪಕ್ಕದಲ್ಲಿ ದೋಣಿ ಹಿಂದೆ ಮುಂದೆ ಜರುಗದಂತೆ ಓರೆಯಾಗಿ ಕಟ್ಟುವುದು ಸ್ಪ್ರಿಂಗ್. ಗಾಳಿ ಜೋರಾದಾಗ "ಆ ಹಗ್ಗ ಎಳೆ" ಎಂದರೆ ಯಾವುದೆಂದು ತಿಳಿಯದು, ತಪ್ಪಾದ ಹಗ್ಗಕ್ಕೆ ಬೆರಳು ಸಿಕ್ಕಿಕೊಂಡರೆ ಬೆರಳೇ ಹೋದೀತು. ಆದ್ದರಿಂದ ಈ ಹೆಸರುಗಳು ಒಣ ಶಿಷ್ಟಾಚಾರವಲ್ಲ ಎಂದು ಎರಡನೆಯ ದಿನವೇ ಅರ್ಥವಾಯಿತು.

ನನ್ನನ್ನು ನಿಜವಾಗಿ ಹಿಡಿದಿಟ್ಟದ್ದು ನೀರು. ನಾವು ದೋಣಿ ನಡೆಸುವುದು ಸೋಲೆಂಟ್‌ನಲ್ಲಿ, ಅಂದರೆ ಇಂಗ್ಲೆಂಡಿನ ದಕ್ಷಿಣ ದಂಡೆಗೂ ವೈಟ್ ದ್ವೀಪಕ್ಕೂ ನಡುವಿನ ಕಿರಿದಾದ ಕಡಲಿನಲ್ಲಿ. ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಸೌತಾಂಪ್ಟನ್ನಿನ ಬಳಿ ಭರತಕ್ಕೂ ಇಳಿತಕ್ಕೂ ಸುಮಾರು 4 ಮೀಟರ್ ಅಂತರ. ಬೆಳಿಗ್ಗೆ ದೋಣಿ ತೇಲಿದ ಜಾಗದಲ್ಲಿ ಮಧ್ಯಾಹ್ನ ಹಕ್ಕಿಗಳು ಕೆಸರು ಕೆದಕುತ್ತಿರುತ್ತವೆ. ಇನ್ನೂ ವಿಚಿತ್ರವೆಂದರೆ ಇಲ್ಲಿ ಭರತ ಎರಡು ಸಲ ತುದಿ ಮುಟ್ಟುತ್ತದೆ: ಏರಿದ ನೀರು ತುಸು ತಗ್ಗಿದಂತೆ ಮಾಡಿ ಮತ್ತೆ ಏರುತ್ತದೆ. ದ್ವೀಪದ ಎರಡು ಬದಿಯಿಂದಲೂ ನೀರು ನುಗ್ಗುವುದರಿಂದ ಹೀಗಾಗುತ್ತದೆ ಎಂದು ಕಟ್ಟೆಯ ಮೇಲೆ ಬಹಳ ಮಂದಿ ಹೇಳುತ್ತಾರೆ. ಕಾರಣ ಅದಲ್ಲ, ಇಡೀ ಇಂಗ್ಲಿಷ್ ಕಡಲ್ಗಾಲುವೆಯ ನೀರು ತೊಟ್ಟಿಯೊಳಗಿನ ನೀರಿನಂತೆ ತೂಗಾಡುವುದು, ಆಳವಿಲ್ಲದ ತಳದಲ್ಲಿ ಆ ಅಲೆಯ ಆಕಾರ ಕೆಡುವುದು. ನೀರು ಗಂಟೆಗೆಷ್ಟು ಏರುತ್ತದೆಂದು ಅಂದಾಜು ಮಾಡಲು ನಾವಿಕರಿಗೆ ಹನ್ನೆರಡರ ಲೆಕ್ಕವಿದೆ: ಆರು ಗಂಟೆಗಳಲ್ಲಿ ಕ್ರಮವಾಗಿ ಒಂದು, ಎರಡು, ಮೂರು, ಮೂರು, ಎರಡು, ಒಂದು ಪಾಲು. ಅದನ್ನು ಕಲಿಸಿದ ಶಿಕ್ಷಕರೇ, ಸೋಲೆಂಟ್‌ನಲ್ಲಿ ಇದನ್ನು ನಂಬಬೇಡಿ, ಕೋಷ್ಟಕ ನೋಡಿ ಎಂದರು. ಅಂದಿನಿಂದ ಭರತ ಇಳಿತಗಳ ಪುಸ್ತಕ ನನ್ನ ದಿಂಬಿನ ಪಕ್ಕದಲ್ಲಿದೆ.

ಆದರೂ ಮೇ ತಿಂಗಳ ಒಂದು ಸಂಜೆ ಎಲ್ಲವೂ ಕೈಬಿಟ್ಟಿತು. ಇವರು ಚುಕ್ಕಾಣಿಯಲ್ಲಿದ್ದರು, ನಾನು ನಡುದೋಣಿಯ ಹಗ್ಗ ಹಿಡಿದು ಅಂಚಿನಲ್ಲಿ ನಿಂತಿದ್ದೆ. ಕಟ್ಟೆಯಿಂದ ನಮ್ಮತ್ತ ಬೀಸುವ ಗಾಳಿ, ಹಿಂದಿನಿಂದ ತಳ್ಳುವ ನೀರು. ಕಟ್ಟೆ ಒಂದು ಹೆಜ್ಜೆ ದೂರದಲ್ಲಿತ್ತು. ಆ ಹೆಜ್ಜೆ ಇಡಲು ನನ್ನ ಕಾಲು ಏಳಲಿಲ್ಲ. ನೋಡನೋಡುತ್ತಾ ಒಂದು ಹೆಜ್ಜೆ ಮೂರಾಯಿತು, ಇವರು ಗಾಬರಿಯಿಂದ ಎಂಜಿನ್ನನ್ನು ಹಿಂದಕ್ಕೆ ಓಡಿಸಿದರು. ಹಿಂದಕ್ಕೆ ಓಡಿಸಿದಾಗ ನಮ್ಮ ದೋಣಿಯ ಬಾಲ ಎಡಕ್ಕೆ ಎಳೆಯುತ್ತದೆ, ಪ್ರೊಪೆಲರ್ ತಿರುಗುವ ದಿಕ್ಕು ಹಾಗಿದೆ. ಮೂತಿ ತಿರುಗಿ ಪಕ್ಕದ ದೋಣಿಯನ್ನು ಉಜ್ಜಿತು. ಇವರು ಕೂಗಿದರು, ನಾನೂ ಕೂಗಿದೆ. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ನಾಲ್ಕು ಜನರ ಎದುರು ನಾವು ಹಾಗೆ ಕೂಗಾಡಿರಲಿಲ್ಲ.

ಪಕ್ಕದ ದೋಣಿಯ ಅಜ್ಜಿಗೆ ಎಪ್ಪತ್ತು ದಾಟಿದೆ. ತಮ್ಮ ದೋಣಿಗಾದ ಗೀರನ್ನು ಅವರು ನೋಡಲೂ ಇಲ್ಲ. ಹಗ್ಗ ಹಿಡಿದು ನಮ್ಮನ್ನು ಕಟ್ಟೆಗೆ ಸೇರಿಸಿ, ಎಲ್ಲವೂ ಶಾಂತವಾದ ಮೇಲೆ ಕೇಳಿದರು: "ನಿಮ್ಮಿಬ್ಬರಲ್ಲಿ ತೋಳಿನ ಬಲ ಯಾರಿಗೆ ಹೆಚ್ಚು?" ಇವರತ್ತ ಕೈ ತೋರಿಸಿದೆ. "ಹಾಗಾದರೆ ಹಗ್ಗ ಅವರ ಕೈಗೆ ಕೊಡಿ. ಚುಕ್ಕಾಣಿಗೆ ಬಲ ಬೇಡ, ಕಣ್ಣು ಬೇಕು. ಇಲ್ಲಿನ ಗಂಡಂದಿರೂ ಚುಕ್ಕಾಣಿ ಹಿಡಿದು ಹೆಂಡತಿಯನ್ನು ಹಾರಲು ಕಳುಹಿಸುತ್ತಾರೆ, ಅದಕ್ಕೇ ಪ್ರತಿ ಸಂಜೆ ಈ ಕೂಗಾಟ."

ಅಂದಿನಿಂದ ಕಟ್ಟೆಗೆ ಬರುವಾಗ ಚುಕ್ಕಾಣಿ ನನ್ನದು. ಅಜ್ಜಿ ಕಲಿಸಿದ್ದು ಒಂದೇ ಮಾತು: ಹರಿವಿಗೆ ಎದುರಾಗಿ ಬನ್ನಿ. ಎದುರಿನಿಂದ ನೀರು ಬಂದರೆ ಚುಕ್ಕಾಣಿಗೆ ಹಿಡಿತ ಸಿಗುತ್ತದೆ, ದೋಣಿ ಮಾತ್ರ ಕಟ್ಟೆಯ ಪಕ್ಕದಲ್ಲಿ ನಿಂತಂತೆಯೇ ಇರುತ್ತದೆ. ಹರಿವು ಅನುಕೂಲವಿಲ್ಲದಿದ್ದರೆ ಕಾಯಿರಿ, ಹೊರಗೆ ಸುತ್ತು ಹಾಕಿ, ಕಾಯುವುದರಲ್ಲಿ ಸೋಲಿಲ್ಲ. ಹೀಗೆ ಕಾಯುವುದನ್ನೂ ಕಲಿತೆವು. ದೊಡ್ಡ ಹಡಗುಗಳಿಗಾಗಿಯೂ ಕಾಯಬೇಕು. ಸೌತಾಂಪ್ಟನ್ನಿಗೆ ಬರುವ 150 ಮೀಟರಿಗಿಂತ ಉದ್ದದ ಹಡಗಿನ ಮುಂದೆ 1000 ಮೀಟರ್, ಎರಡು ಪಕ್ಕದಲ್ಲಿ ನೂರು ನೂರು ಮೀಟರ್ ಜಾಗದೊಳಗೆ ನಮ್ಮಂಥವರು ಕಾಲಿಡಬಾರದೆಂಬ ನಿಯಮವಿದೆ. ಅವು ಬ್ರಾಂಬಲ್ ಎಂಬ ಮರಳು ದಿಬ್ಬವನ್ನು ಬಳಸಿ ತಿರುಗುವುದನ್ನು ನೋಡುತ್ತಾ ನಾವು ಹಾಯಿ ಸಡಿಲಿಸಿ ನಿಲ್ಲುತ್ತೇವೆ. ಬಹು ದೊಡ್ಡ ಇಳಿತದ ದಿನ ಆ ದಿಬ್ಬ ಸ್ವಲ್ಪ ಹೊತ್ತು ನೀರಿನಿಂದ ಮೇಲೇಳುತ್ತದೆ. ವರ್ಷಕ್ಕೊಮ್ಮೆ ಎರಡು ಕ್ಲಬ್ಬುಗಳವರು ಅಲ್ಲಿ ಕ್ರಿಕೆಟ್ ಆಡಿ, ನೀರು ಬರುವ ಮೊದಲು ವಿಕೆಟ್ ಕಿತ್ತುಕೊಂಡು ಹೋಗುತ್ತಾರೆ.

ಹುಡುಗಿ ಆ ಪ್ರಶ್ನೆ ಕೇಳಿದ ರಾತ್ರಿ ನಾವು ದೋಣಿಯಲ್ಲೇ ಮಲಗಿದ್ದೆವು. ಇಳಿತದ ನೀರು ತಳವನ್ನು ಸವರಿಕೊಂಡು ಹೋಗುವ ಸದ್ದು. ನಿದ್ದೆ ಬರದೆ ಮರುದಿನದ ಕೋಷ್ಟಕ ನೋಡುತ್ತಿದ್ದಾಗ, ಎಷ್ಟೋ ವರ್ಷಗಳಿಂದ ನೆನಪಾಗದಿದ್ದ ಒಂದು ನೋಟ ಕಣ್ಣ ಮುಂದೆ ಬಂದಿತು. ಗಂಗೊಳ್ಳಿಯ ಅಳಿವೆಯ ಹೊರಗೆ, ಅಲೆ ಒಡೆಯುವ ಬಿಳಿ ಗೆರೆಯಾಚೆ, ಸಾಲಾಗಿ ನಿಂತಿರುತ್ತಿದ್ದ ದೋಣಿಗಳು. ಶಾಲೆಯಿಂದ ಬರುವಾಗ ನಾವು ಅವನ್ನು ಎಣಿಸುತ್ತಿದ್ದೆವು. ಬೆಳಗಿನಿಂದ ದುಡಿದ ದೋಣಿಗಳು ದಣಿವಾರಿಸಿಕೊಳ್ಳುತ್ತಿವೆ ಎಂದು ನನ್ನ ಅಣ್ಣ ಹೇಳಿದ್ದ, ನಾನು ನಂಬಿದ್ದೆ. ಅವರು ಕಾಯುತ್ತಿದ್ದರು. ಅಳಿವೆಯ ಬಾಯಿಯಲ್ಲಿ ಮರಳು ತುಂಬಿರುತ್ತಿತ್ತು, ಇಳಿತದಲ್ಲಿ ಒಳಗೆ ನುಗ್ಗಿದರೆ ಹೊರಹೋಗುವ ನೀರೂ ಒಳಬರುವ ಅಲೆಯೂ ಡಿಕ್ಕಿಯಾಗುವ ಕಡೆ ದೋಣಿ ಮಗುಚುತ್ತಿತ್ತು. ಭರತ ಏರಿ ದಿಬ್ಬದ ಮೇಲೆ ಸಾಕಷ್ಟು ನೀರು ನಿಲ್ಲುವವರೆಗೆ ಅವರು ಹೊರಗಿದ್ದರು. ಪುಸ್ತಕವಿರಲಿಲ್ಲ, ಕೋಷ್ಟಕವಿರಲಿಲ್ಲ. ಚಂದ್ರನ ತಿಥಿಯೂ ಕಲ್ಲಿನ ಮೇಲಿನ ತೇವದ ಗೆರೆಯೂ ಅವರಿಗೆ ಸಾಕಿತ್ತು. ನಲವತ್ತು ವರ್ಷ ನನ್ನೊಳಗಿದ್ದ ಆ ಚಿತ್ರವನ್ನು ಓದಲು ನಾನು ಹ್ಯಾಂಬಲ್ ನದಿಗೆ ಬರಬೇಕಾಯಿತು.

ನಮ್ಮ ಹಿಂದಿನ ಓಣಿಯಲ್ಲಿ ಒಬ್ಬ ತಾಂಡೇಲರಿದ್ದರು. ದೋಣಿಯ ಮುಖ್ಯಸ್ಥನಿಗೆ ನಮ್ಮ ಕಡೆ ತಾಂಡೇಲ ಎನ್ನುತ್ತಾರೆ. ನಾವು ಮಕ್ಕಳಿಗೆ ಅವರು ತಾಂಡೇಲಜ್ಜ. ಜಗಲಿಯಲ್ಲಿ ಬಲೆ ಹೆಣೆಯುತ್ತಾ, ಮುಖ ಎತ್ತದೆಯೇ ಸಂಜೆ ಗಾಳಿ ತಿರುಗುತ್ತದೆ ಎನ್ನುತ್ತಿದ್ದರು. ಗಾಳಿ ತಿರುಗುತ್ತಿತ್ತು. ಅವರು ದಡಕ್ಕೆ ಬಂದವರೇ ತೆಂಗಿನ ಬುಡಕ್ಕೆ ಹಗ್ಗ ಸುತ್ತಿ ಹಾಕುತ್ತಿದ್ದ ಕುಣಿಕೆಯನ್ನು ನಾನು ನೂರಾರು ಸಲ ನೋಡಿದ್ದೇನೆ. ತರಬೇತಿಯಲ್ಲಿ ಶಿಕ್ಷಕರು ಬೋಲೈನ್ ಎಂದು ತೋರಿಸಿದರಲ್ಲ, ಎಷ್ಟು ಎಳೆದರೂ ಜಾರದ, ಬೇಕೆಂದಾಗ ಬಿಗಿಯಾಗದೆ ಬಿಚ್ಚಿಕೊಳ್ಳುವ ಕುಣಿಕೆ, ಅದೇ ಇರಬೇಕು ಎಂದು ನನಗೆ ಅನ್ನಿಸಿತು. ಆಗ ಕೇಳಬಹುದಿತ್ತು. ನಾವು ಕೇಳಲಿಲ್ಲ, ಯಾರೂ ಕೇಳಿ ಎನ್ನಲಿಲ್ಲ. ಶಾಲೆಯಲ್ಲಿ ಸೂರ್ಯ, ಚಂದ್ರ, ಭೂಮಿಯ ಚಿತ್ರ ಬಿಡಿಸಿ ಉಬ್ಬರವಿಳಿತಕ್ಕೆ ಐದು ಅಂಕ ಪಡೆದೆವು. ಹತ್ತು ನಿಮಿಷದ ದಾರಿಯಲ್ಲಿದ್ದ ಅಳಿವೆಗೆ ಒಂದು ದಿನವೂ ನಮ್ಮನ್ನು ಕರೆದೊಯ್ಯಲಿಲ್ಲ. ಓದದಿದ್ದರೆ ದೋಣಿಗೆ ಹೋಗಬೇಕಾಗುತ್ತದೆ ಎಂದು ಮನೆಯಲ್ಲಿ ಹೆದರಿಸುತ್ತಿದ್ದರು. ಆ ಮಾತು ಓಣಿಯಾಚೆಯ ಜಗಲಿಗೆ ಕೇಳಿಸುತ್ತಿತ್ತು ಎಂಬುದು ಈಗ ಹೊಳೆಯುತ್ತದೆ, ಹೊಳೆದಾಗಲೆಲ್ಲ ಸಂಕಟವಾಗುತ್ತದೆ. ಹೆಣ್ಣುಮಕ್ಕಳ ಮಟ್ಟಿಗಂತೂ ಕಡಲು ಎಂದರೆ ದಡದಲ್ಲಿ ನಿಂತು ಕಾಯುವ ಜಾಗ. ಮೀನಿನ ವ್ಯಾಪಾರವನ್ನೆಲ್ಲ ತಲೆಯ ಮೇಲೆ ಹೊತ್ತ ಹೆಂಗಸರೂ ದೋಣಿ ಹತ್ತಿದ್ದನ್ನು ನಾನು ಕಾಣಲಿಲ್ಲ. ಕಟ್ಟೆಗೆ ಒಂದು ಹೆಜ್ಜೆ ಇಡಲು ನನ್ನ ಕಾಲು ಏಕೆ ಏಳಲಿಲ್ಲ, ಚಳ್ಳಕೆರೆಯ ಇವರು ಏಕೆ ಹೆದರುವುದಿಲ್ಲ ಎಂಬುದಕ್ಕೆ ಕಾರಣ ಅಲ್ಲಿದೆ. ಇವರಿಗೆ ಕಡಲಿಗೆ ಬೆನ್ನು ಹಾಕು ಎಂದು ಹೇಳಿಕೊಟ್ಟವರಿಲ್ಲ.

ತಾಂಡೇಲಜ್ಜ ತೀರಿಕೊಂಡು ಬಹಳ ವರ್ಷವಾಯಿತು. ಸೋಮವಾರ ಅಣ್ಣನಿಗೆ ಫೋನ್ ಮಾಡಿ, ಅವರ ಮಗನನ್ನು ಒಂದು ಮಾತು ಕೇಳಬಹುದೇ ಎಂದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ಹೊರಹೋಗುವುದಿಲ್ಲ, ಅವರು ಮನೆಯಲ್ಲೇ ಇದ್ದರು. ತೆಂಗಿನ ಬುಡಕ್ಕೆ ಹಾಕುತ್ತಿದ್ದ ಕುಣಿಕೆಯನ್ನು ತೋರಿಸಿಕೊಡಬೇಕಂತೆ, ಇಲ್ಲಿ ನಾನು ಕಲಿಯುತ್ತಿದ್ದೇನೆ ಎಂದು ಹೇಳು ಎಂದೆ. ಅವರು ನಗುತ್ತಾರೆಂದುಕೊಂಡಿದ್ದೆ. ಗುರುವಾರ ವಿಡಿಯೊ ಬಂದಿತು. ಸೂರಿನಿಂದ ಮಳೆನೀರು ಇಳಿಯುತ್ತಿರುವ ಅದೇ ಜಗಲಿ, ನೀಲಿ ನೈಲಾನ್ ಹಗ್ಗ, ಎರಡು ದಪ್ಪ ಕೈಗಳು. ಮುಖ ಕಾಣುವುದಿಲ್ಲ. ಮೊದಲು ವೇಗವಾಗಿ ಕಟ್ಟಿದರು. ಆಮೇಲೆ ನಿಧಾನವಾಗಿ. "ಅಪ್ಪ ಹೀಗೆ ಕಟ್ಟುತ್ತಿದ್ದರು. ತಂಗಿಗೆ ತಿಳಿಯದಿದ್ದರೆ ಮತ್ತೆ ಕಳುಹಿಸುತ್ತೇನೆ" ಎಂಬ ದನಿ.

ನಿನ್ನೆ ಕಟ್ಟೆಯಲ್ಲಿ ಆ ಹುಡುಗಿಯನ್ನು ಕರೆದು ಮೊಬೈಲ್ ಕೊಟ್ಟೆ. ನನಗೆ ಕಲಿಸಬಹುದಾಗಿದ್ದವರ ಮಗ ಇವರು ಎಂದೆ. ಅವಳು ತನ್ನ ಹಗ್ಗದ ತುಂಡನ್ನು ತೊಡೆಯ ಮೇಲಿಟ್ಟುಕೊಂಡು, ಮೂಗು ತಾಗುವಷ್ಟು ಹತ್ತಿರ ಬಾಗಿ ನೋಡಿದಳು. ಬೋಲೈನೇ, ಸಂಶಯವಿಲ್ಲ ಎಂದಳು; ಆದರೆ ಇವರು ತುದಿಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ, ತನ್ನ ಅಜ್ಜಿ ಆಚೆ ತಳ್ಳುತ್ತಾರೆ. ಹಾಗೆ ಕಟ್ಟಲು ಎರಡು ಸಲ ಪ್ರಯತ್ನಿಸಿದಳು, ಎರಡು ಸಲವೂ ಹಗ್ಗ ಬಿಚ್ಚಿಕೊಂಡಿತು.

"ಮಳೆ ಬೀಳುತ್ತದಲ್ಲ, ಅಲ್ಲಿಂದ ಇನ್ನೊಮ್ಮೆ ಹಾಕಿ" ಎಂದಳು.