ಹಳೆ ದೇವರು ಎಲ್ಲಿ ಹೋದ?

ಬಾಗಲಕೋಟೆಯಲ್ಲಿರುವುದರಿಂದ ನನಗೊಂದು ಕಾಯಂ ಡ್ಯೂಟಿ ಇದೆ. ನೆಂಟರು ಬಂದರೆ ಬಾದಾಮಿ ತೋರಿಸಬೇಕು. ಗುಹೆಗಳ ಮೆಟ್ಟಿಲು ಹತ್ತುವಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಮನುಷ್ಯನ ಬುದ್ಧಿ ಬೆಳೆದ ಹಾಗೆ ದೇವರೂ ಬದಲಾಗ್ತಾ ಬಂದ ಅಂತೀರಿ. ಹಾಗಾದ್ರೆ ಹಳೆ ದೇವರು ಸುಳ್ಳಾ?" ಮಂಗಗಳು ಬ್ಯಾಗಿನ ಮೇಲೆ ಕಣ್ಣಿಟ್ಟಿರುವಾಗ ಇದಕ್ಕೆಲ್ಲ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬದಲಾಗಿರುವುದಂತೂ ನಿಜ. ಮೂರನೇ ಗುಹೆಯನ್ನೇ ನೋಡಿ. ಚಾಲುಕ್ಯರ ಮಂಗಳೇಶ 578ರಲ್ಲಿ ಮಾಡಿಸಿದ್ದು, ಶಾಸನ ಅಲ್ಲೇ ಇದೆ. ಮಲಗಿರುವ ವಿಷ್ಣುವನ್ನು ನೋಡಿ ರೂಢಿಯಾದ ನಮಗೆ ಇಲ್ಲಿ ಅವನು ಆದಿಶೇಷನ ಸುರುಳಿಯ ಮೇಲೆ ಕಾಲು ಮಡಚಿ ಕುಳಿತಿರುವುದು ಕಾಣುತ್ತದೆ. ಥೇಟ್ ದರ್ಬಾರಿನಲ್ಲಿ ಕುಳಿತ ಅರಸ. ರಾಜರ ಕಾಲದಲ್ಲಿ ದೇವರಿಗೂ ಕಿರೀಟ ಬಂತು. ಈಗ ತಲೆ ಎತ್ತಿ ಛತ್ತು ನೋಡಿ. ಆನೆಯ ಮೇಲೆ ಇಂದ್ರ ಇದ್ದಾನೆ. ಋಗ್ವೇದದಲ್ಲಿ ಬೇರೆ ಯಾವ ದೇವತೆಗೂ ಅವನಿಗಿರುವಷ್ಟು ಸೂಕ್ತಗಳಿಲ್ಲ. ಇಲ್ಲಿಗೆ ಬರುವಷ್ಟರಲ್ಲಿ ಒಂದು ದಿಕ್ಕು ಕಾಯುವ ಕೆಲಸಕ್ಕೆ ಇಳಿದಿದ್ದಾನೆ. ಪಾಪ, ಅವನಿಗೊಂದು ಗುಡಿ ಇರುವ ಊರನ್ನು ನಾನಂತೂ ನೋಡಿಲ್ಲ.

ಕಾಲೇಜಿನಲ್ಲಿದ್ದಾಗ ನಾನೂ ಇದನ್ನೆಲ್ಲ ಏಣಿಯ ಲೆಕ್ಕದಲ್ಲಿ ಹೇಳುತ್ತಿದ್ದೆ. ಮೊದಲು ಮಳೆ ಗುಡುಗಿನ ಭಯ, ಆಮೇಲೆ ರಾಜನಂಥ ದೇವರು, ಆಮೇಲೆ ನಿರಾಕಾರ, ಕೊನೆಗೆ ಏನೂ ಇಲ್ಲ. ನಾನು ಮೇಲಿನ ಮೆಟ್ಟಿಲಲ್ಲಿದ್ದೇನೆ ಎಂಬ ಜಂಬ ಬೇರೆ.

ಆ ಏಣಿ ಮುರಿದದ್ದು ಬಾದಾಮಿಯ ಮ್ಯೂಸಿಯಂನಲ್ಲಿ. ಅಲ್ಲಿ ಫಲವತ್ತತೆಯ ದೇವಿ ಲಜ್ಜಾಗೌರಿಯ ಮೂರ್ತಿ ಇದೆ, ಹತ್ತಿರದ ನಾಗನಾಥಕೊಳ್ಳದ್ದು. ತಲೆ ಇಲ್ಲ, ಆ ಜಾಗದಲ್ಲಿ ಅರಳಿದ ತಾವರೆ. ಮೈಮೇಲೆ ಬಟ್ಟೆ ಇಲ್ಲ, ಕಾಲು ಅಗಲಿಸಿ ಹೆರಿಗೆಗೆ ಕುಳಿತ ಭಂಗಿ. ನೆಂಟರಲ್ಲಿ ಅರ್ಧ ಜನ ಇಲ್ಲಿ ಸುಮ್ನೆ ಮೊಬೈಲ್ ನೋಡತೊಡಗುತ್ತಾರೆ. ಇದು ಏಣಿಯ ಕೆಳಗಿನ ಮೆಟ್ಟಿಲು ಅಂದುಕೊಂಡಿದ್ದೆ. ಆದರೆ ಈ ಮೂರ್ತಿಯೂ ಚಾಲುಕ್ಯರ ಕಾಲದ್ದೇ. ಒಂದು ಕಡೆ ಕಿರೀಟದ ವಿಷ್ಣು, ಇನ್ನೊಂದು ಕಡೆ ಮುಖವೇ ಇಲ್ಲದ ತಾಯಿ. ಇಬ್ಬರನ್ನೂ ಕಡೆದದ್ದು ಒಂದೇ ಸೀಮೆಯ ಉಳಿ.

ಇನ್ನೊಂದು ಮಾತು. ದೇವರು ಬದಲಾಗುವುದು ಬುದ್ಧಿ ಬೆಳೆದದ್ದಕ್ಕೆ ಮಾತ್ರ ಅಲ್ಲ. ಹೊರಗೆ ನಿಂತವರು ಬಾಯಿ ಬಿಟ್ಟಾಗ ಜಾಸ್ತಿ ಬದಲಾಗುತ್ತಾನೆ. ಹನ್ನೆರಡನೇ ಶತಮಾನದಲ್ಲಿ ಬಸವಣ್ಣ, ಉಳ್ಳವರು ಶಿವಾಲಯ ಮಾಡುತ್ತಾರೆ, ಬಡವ ನಾನೇನು ಮಾಡಲಿ ಎಂದು ಕೇಳಿದ. ಕಾಲೇ ಕಂಬ, ದೇಹವೇ ದೇಗುಲ ಎಂದ. ದೇವರು ಅಂಗೈ ಮೇಲಿನ ಇಷ್ಟಲಿಂಗವಾದ. ಬಾಗಿಲು ಕಾಯುವವನೂ ಇಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಅಸ್ಪೃಶ್ಯ ಕುಲದ ಶರಣ ಮಾದಾರ ಚೆನ್ನಯ್ಯನೇ ನನ್ನ ಅಪ್ಪ ಎಂದು ಹೇಳಿಕೊಂಡವನ ದೇವರು ಮತ್ತೆ ದರ್ಬಾರಿನಲ್ಲಿ ಕೂರುವುದು ಹೇಗೆ?

ಹಾಗಂತ ಹಳೆಯದು ಹೋಯಿತಾ? ಕೂಡಲಸಂಗಮಕ್ಕೆ ಹೋಗಿ. ಬಸವಣ್ಣನ ಐಕ್ಯಸ್ಥಳವನ್ನು ಅಣೆಕಟ್ಟಿನ ಹಿನ್ನೀರಿನಿಂದ ಉಳಿಸಲು ಸುತ್ತ ಎತ್ತರದ ಗೋಡೆ ಕಟ್ಟಿದ್ದಾರೆ, ಬಾವಿಗೆ ಇಳಿದಂತೆ ಇಳಿಯಬೇಕು. ಸ್ಥಾವರಕ್ಕೆ ಅಳಿವುಂಟು ಎಂದವನ ಸ್ಥಳಕ್ಕೆ ನಾವು ಹಾಕಿದ ಕಾಂಕ್ರೀಟು! ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿ ಸ್ಮಾರಕ ಬೇಡ, ದೇಹವನ್ನು ಅಗ್ನಿಗೆ ಒಪ್ಪಿಸಿ ಎಂದು ಬರೆದಿಟ್ಟಿದ್ದರು. 2023ರ ಜನವರಿಯಲ್ಲಿ ಹಾಗೇ ಆಯಿತು. ಈಗ ನಮ್ಮ ಓಣಿಯಲ್ಲಿ ಎಷ್ಟೋ ಮನೆಗಳಲ್ಲಿ ಅವರ ಫೋಟೋ ಇದೆ, ದಿನಾ ಊದಿನಕಡ್ಡಿ ಬೆಳಗುತ್ತಾರೆ. ಇದನ್ನು ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ದೇವರ ಜಗಲಿಯ ಮೇಲೂ ಇದೆ.

ನಮ್ಮ ಅವ್ವನದೂ ಇದೇ ಕಥೆ. ಬೆಳಿಗ್ಗೆ ಲಿಂಗಪೂಜೆ ಮಾಡದೆ ಚಹಾ ಮುಟ್ಟುವುದಿಲ್ಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದರೆ ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಕುಂಕುಮ ಇಟ್ಟು ಕೈ ಮುಗಿಯುತ್ತಾಳೆ. ಆಮೇಲೆ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಕಡುಬು, ಹೋಳಿಗೆ ಎಲ್ಲ ಕಲಸಿ ಹೊಲದ ತುಂಬ ಚರಗ ಚೆಲ್ಲುವುದು. ಬುಟ್ಟಿ ಹಿಡಿದುಕೊಂಡು ನಾನು ಹಿಂದೆ.

ಒಂದು ವರ್ಷ ಸುಮ್ಮನಿರಲಾರದೆ ಕೇಳಿದೆ. "ಬೇ ಅವ್ವ, ಕೊರಳಾಗ ಲಿಂಗ ಕಟ್ಟಿಕೊಂಡು ಈ ಕಲ್ಲಿಗ್ಯಾಕ ನೈವೇದ್ಯ?"

ಅವ್ವ ಜೋಳದ ಬೆಳೆಯ ಕಡೆ ಕೈ ತೋರಿಸಿದಳು. "ಹೊಡಿ ತುಂಬೇತಿ ನೋಡೋ. ಭೂಮಿತಾಯಿ ಬಸುರಿ ಅದಾಳ. ಬಸುರಿಗೆ ಉಣ್ಣಾಕ ಹಾಕಬ್ಯಾಡೇನು?"

ಅಷ್ಟು ಹೇಳಿ ಬುಟ್ಟಿ ನನ್ನ ಕೈಯಿಂದ ಕಸಿದುಕೊಂಡು ಮುಂದಿನ ಸಾಲಿಗೆ ನಡೆದಳು.