ಐದನೇ ಪ್ರತಿಯ ಮಸುಕು

ರಷ್ಯನ್ ಲೇಖಕಿ ಲ್ಯುದ್ಮಿಲಾ ಉಲಿತ್ಸ್ಕಾಯಾ 1970ರಲ್ಲಿ ಕೆಲಸ ಕಳೆದುಕೊಂಡದ್ದು ಟೈಪ್‌ರೈಟರ್‌ನಿಂದ. ಮಾಸ್ಕೋದಲ್ಲಿ ತಳಿವಿಜ್ಞಾನದ ಸಂಶೋಧಕಿಯಾಗಿದ್ದರು; ನಿಷೇಧಿತ ಬರಹಗಳನ್ನು ಟೈಪ್ ಮಾಡಿ ಕೈಯಿಂದ ಕೈಗೆ ದಾಟಿಸುವ ‘ಸಮಿಜ್‌ದಾತ್’ ಗುಂಪಿನವರೆಂದು ಹೊರಹಾಕಿದರು. ಅವರ ‘ಹಸಿರು ಡೇರೆ’ (2010) ಕಾದಂಬರಿಯ ತುಂಬ ಇದೇ ಕಳ್ಳಪ್ರತಿಗಳ ಓಡಾಟ. ಅದನ್ನು ಓದಿ ಮುಗಿಸಿದ ಮೇಲೆ, ಆ ದುಡಿಮೆ ಎಷ್ಟರದ್ದು ಅಂತ ನೋಡೋಣವೆಂದು ಒಂದು ಭಾನುವಾರ ಹಳೆಯ ಇಂಗ್ಲಿಷ್ ಟೈಪ್‌ರೈಟರ್ ಮೇಜಿಗೆ ಬಂತು.

ಒಂದೇ ಸಲಕ್ಕೆ ಐದು ಪ್ರತಿ ಬರಲು ಐದು ತೆಳು ಹಾಳೆ, ನಡುವೆ ನಾಲ್ಕು ಕಾರ್ಬನ್, ಅಂದರೆ ಒಂದು ಬದಿಗೆ ಮಸಿ ಮೆತ್ತಿದ ಕಾಗದ. ಮಸಿಯ ಮುಖ ಕೆಳಗೆ, ಅಂದರೆ ಮುಂದಿನ ಹಾಳೆಯ ಕಡೆಗಿರಬೇಕು. ಮೊದಲ ಸಲವೇ ಒಂದು ಕಾರ್ಬನ್ ತಿರುಗಾಮುರುಗಾ ಆಗಿ, ಮೇಲಿನ ಹಾಳೆಯ ಬೆನ್ನಿಗೆ ಕನ್ನಡಿ ಬರಹ ಬಿತ್ತು, ಅದರ ಕೆಳಗಿನ ಹಾಳೆ ಖಾಲಿ. ಕಟ್ಟನ್ನು ಮೇಜಿಗೆ ಕುಟ್ಟಿ ಅಂಚು ಸಮ ಮಾಡಿ, ತುದಿಗೆ ಒಂದು ಮಡಿಸಿದ ಕಾಗದ ಸಿಕ್ಕಿಸಿ ರೋಲರ್‌ಗೆ ಕೊಟ್ಟರೆ ಒಟ್ಟಿಗೇ ಒಳಗೆ ಹೋಗುತ್ತದೆ. ಇಲ್ಲದಿದ್ದರೆ ಒಳಗಿನ ಹಾಳೆ ಜಾರಿ, ಸಾಲುಗಳು ಕೆಳಕೆಳಗೆ ವಾಲುತ್ತವೆ.

ಬೆರಳು ಮೃದುವಾಗಿ ಒತ್ತಿದರೆ ಮೂರನೆಯದಕ್ಕೇ ಅಕ್ಷರ ಮುಟ್ಟುವುದಿಲ್ಲ. ಗುದ್ದಿದರೆ ಮೇಲಿನ ಹಾಳೆಯಲ್ಲಿ ‘o’ ಇದ್ದಲ್ಲೆಲ್ಲ ತೂತು. ಎರಡರ ನಡುವಿನ ಹದ ಸಿಗಲು ಅರ್ಧ ಪುಟ ಹಾಳಾಯಿತು. ‘e’, ‘a’ ಅಚ್ಚುಗಳ ಹೊಟ್ಟೆಯಲ್ಲಿ ಮಸಿ ಕಟ್ಟಿಕೊಂಡಿದ್ದರೆ ಕೆಳಗಿನ ಪ್ರತಿಗಳಲ್ಲಿ ಎರಡೂ ಒಂದೇ ಚುಕ್ಕೆ, ಗುಂಡುಸೂಜಿಯಿಂದ ಕೆರೆದು ತೆಗೆಯಬೇಕು. ಒಂದು ತಪ್ಪು ಬಿದ್ದರೆ ಐದೂ ಹಾಳೆಯಲ್ಲಿ ತಿದ್ದಬೇಕು, ಪ್ರತಿ ಹಾಳೆಯ ಹಿಂದೆ ಗಟ್ಟಿ ಕಾಗದದ ಚೂರು ಇಟ್ಟು. ಮರೆತರೆ ರಬ್ಬರ್ ಒತ್ತಡಕ್ಕೆ ಕೆಳಗಿನದೆಲ್ಲ ಕಪ್ಪು. ಇಷ್ಟು ತಾಪತ್ರಯ ಯಾರಿಗೆ ಬೇಕು, ತಪ್ಪು ಹಾಗೇ ಇರಲಿ ಎನ್ನಿಸುತ್ತದೆ. ಸಮಿಜ್‌ದಾತ್ ಪ್ರತಿಗಳಲ್ಲಿ ತಪ್ಪುಗಳು ಒಂದರಿಂದ ಇನ್ನೊಂದಕ್ಕೆ ಹರಿದು ಬಂದದ್ದು ಹೀಗೇ ಇರಬೇಕು.

ಒತ್ತು ಸಾಲಿನ ಒಂದು ಪುಟಕ್ಕೆ ಐವತ್ತು ನಿಮಿಷ. ಮುನ್ನೂರು ಪುಟದ ಪುಸ್ತಕವಾದರೆ 250 ಗಂಟೆ! ಪಳಗಿದ ಕೈ ಇದರ ಕಾಲು ಭಾಗದಲ್ಲಿ ಮುಗಿಸೀತು, ಆದರೂ ಸದ್ದು ತಪ್ಪಿದ್ದಲ್ಲ. ಕೆಳಗೆ ನಾಲ್ಕು ಮಡಿಕೆ ಕಂಬಳಿ ಹಾಸಿದರೂ ಪಕ್ಕದ ಕೋಣೆಗೆ ಕೇಳುತ್ತಿತ್ತು.

ಉಲಿತ್ಸ್ಕಾಯಾ ಹುಟ್ಟಿದ್ದು 1943ರಲ್ಲಿ, ಯುದ್ಧಕಾಲದಲ್ಲಿ ಮಾಸ್ಕೋ ಬಿಟ್ಟುಬಂದ ಕುಟುಂಬ ಬಷ್ಕೀರಿಯಾದ ದವ್ಲೆಕಾನೊವೊದಲ್ಲಿದ್ದಾಗ. ಪ್ರಯೋಗಾಲಯ ತಪ್ಪಿದ ಮೇಲೆ ವರ್ಷಗಟ್ಟಲೆ ಮನೆ, ಮಕ್ಕಳು. ಆಮೇಲೆ ಯಹೂದಿ ರಂಗಭೂಮಿಯ ಕೆಲಸ. ‘ಸೋನೆಚ್ಕಾ’ ಕಿರುಕಾದಂಬರಿ 1992ರಲ್ಲಿ ‘ನೋವಿ ಮೀರ್’ ಪತ್ರಿಕೆಯಲ್ಲಿ ಬಂದಾಗ ಐವತ್ತರ ಹತ್ತಿರ. 2001ರಲ್ಲಿ ‘ಕುಕೋತ್ಸ್ಕಿ ಪ್ರಕರಣ’ಕ್ಕೆ ರಷ್ಯನ್ ಬೂಕರ್, ಆ ಬಹುಮಾನ ಪಡೆದ ಮೊದಲ ಮಹಿಳೆ ಇವರೇ. ಅದರ ನಾಯಕ ಸ್ತ್ರೀರೋಗ ವೈದ್ಯ, ರೋಗಿಯ ಒಳಗನ್ನು ಕಣ್ಣಾರೆ ಕಾಣಬಲ್ಲವನು. ಜೀವವಿಜ್ಞಾನ ಓದಿದವರ ಕೈ ಅಲ್ಲಿ ಎದ್ದು ಕಾಣುತ್ತದೆ. ನನಗೆ ಮಾತ್ರ ‘ಹಸಿರು ಡೇರೆ’ಯೇ ಮೇಲು. ಸ್ಟಾಲಿನ್ ಸಾವಿನಿಂದ ಶುರುವಾಗುವ ಆ ಕಥೆಯಲ್ಲಿ ಮೂವರು ಶಾಲಾ ಗೆಳೆಯರನ್ನು ಬೆಳೆಸುವುದೂ ಪುಸ್ತಕ, ಕೆಡಿಸುವುದೂ ಪುಸ್ತಕ.

2022ರಲ್ಲಿ ಅವರು ಬರ್ಲಿನ್ ಸೇರಿದರು. 2024ರ ಮಾರ್ಚ್‌ನಲ್ಲಿ ರಷ್ಯಾ ಅವರನ್ನು ‘ವಿದೇಶಿ ಏಜೆಂಟ್’ ಎಂದು ಪಟ್ಟಿಗೆ ಸೇರಿಸಿತು.

ಸಂಜೆ ಪ್ರತಿಗಳನ್ನು ಬಿಡಿಸಿದಾಗ ಐದನೆಯದು ಬೂದುಬಣ್ಣದ ಮಸುಕು. ಅಡಿಗೆ ಬಿಳಿ ಹಾಳೆ ಇಟ್ಟು ಕಿಟಕಿಯ ಹತ್ತಿರ ಹಿಡಿದರೆ ಮಾತ್ರ ಓದಬಹುದು, ಅದೂ ಅಲ್ಲಲ್ಲಿ ಊಹಿಸಿಕೊಂಡು. ಕಸದ ಬುಟ್ಟಿಗೆ ಹಾಕಲು ಹೊರಟ, ಒಂದೇ ಸಲ ಬಳಸಿದ್ದ ಕಾರ್ಬನ್ನನ್ನು ಹಾಗೇ ಬೆಳಕಿಗೆ ಒಡ್ಡಿದೆ. ಮಸಿ ಬಿಟ್ಟುಹೋದ ಜಾಗದಲ್ಲೆಲ್ಲ ಬೆಳಕು ತೂರಿ, ಇಡೀ ಪುಟ, ಮೊದಲ ಸಾಲಿನಿಂದ ಕೊನೆಯವರೆಗೆ, ಐದನೇ ಪ್ರತಿಗಿಂತ ಸ್ಪಷ್ಟವಾಗಿ ಓದಲು ಬರುತ್ತಿತ್ತು.