ಮ್ಯಾಟರ್‌ಹಾರ್ನ್‌ನ ಎರಡು ಮುಖಗಳು

ಸ್ವಿಟ್ಜರ್ಲೆಂಡಿನ ಝೆರ್ಮಾಟ್ ಊರಿನೊಳಗೆ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಪ್ರವೇಶವಿಲ್ಲ. ಹಾಗಾಗಿ ಕಾರನ್ನು ಕಣಿವೆಯ ಕೆಳಗಿನ ಟೇಶ್‌ನಲ್ಲಿ ಬಿಟ್ಟು, ಸ್ಕೀಗಳನ್ನು ಹೆಗಲಿಗೇರಿಸಿಕೊಂಡು ನಾವು ರೈಲು ಹತ್ತಿದೆವು. ಚರ್ಚಿನ ಕಡೆಗೆ ನಡೆಯುತ್ತಿದ್ದಾಗ ಮನೆಗಳ ಮಾಡುಗಳ ಆಚೆ ಮ್ಯಾಟರ್‌ಹಾರ್ನ್ ಕಾಣಿಸಿಕೊಂಡಿತು: 4,478 ಮೀಟರ್ ಎತ್ತರದ, ತುದಿ ತುಸು ಬಾಗಿದ ಒಂಟಿ ಕೋಡು. 1865ರ ಜುಲೈ 14ರಂದು ಇಂಗ್ಲಿಷ್ ಪರ್ವತಾರೋಹಿ ಎಡ್ವರ್ಡ್ ವಿಂಪರ್ ಸೇರಿ ಏಳು ಮಂದಿ ಮೊದಲ ಬಾರಿಗೆ ಅದರ ನೆತ್ತಿ ಮುಟ್ಟಿದರು. ಇಳಿಯುವಾಗ ನಾಲ್ವರು ಸತ್ತರು. ಅಂದು ತುಂಡಾದ ಹಗ್ಗವನ್ನು ಊರಿನ ಮ್ಯೂಸಿಯಮ್ಮಿನಲ್ಲಿ ನೋಡಿದ ಮೇಲೆ, ಆ ಶಿಖರವನ್ನು ಬರಿಯ ಚೆಲುವಿನ ವಸ್ತುವಾಗಿ ನೋಡುವುದು ನನಗೆ ಸಾಧ್ಯವಾಗಲಿಲ್ಲ.

ಮರುದಿನ ಬೆಳಗ್ಗೆ ಕೇಬಲ್ ಕಾರುಗಳನ್ನು ಬದಲಿಸುತ್ತ 3,883 ಮೀಟರ್ ಎತ್ತರದ ನಿಲ್ದಾಣ ತಲುಪಿದೆವು. ಯುರೋಪಿನಲ್ಲಿ ಇದಕ್ಕಿಂತ ಎತ್ತರದ ಕೇಬಲ್ ಕಾರ್ ನಿಲ್ದಾಣವಿಲ್ಲ. ಬಂಡೆ ಕೊರೆದು ಮಾಡಿದ ಸುರಂಗ ದಾಟಿ ಹೊರಬಂದರೆ ಬೇಸಿಗೆಯಲ್ಲೂ ಸ್ಕೀ ಮಾಡಬಹುದಾದ ತಿಯೊಡುಲ್ ಹಿಮನದಿ. ಗಾಳಿ ತೆಳುವಾಗಿದ್ದುದರಿಂದ ಬೂಟಿನ ಕೊಂಡಿಗಳನ್ನು ಬಿಗಿಯುವಷ್ಟರಲ್ಲೇ ಏದುಸಿರು ಬಂತು. ಐದು ಚಳಿಗಾಲಗಳಿಂದ ಸ್ಕೀ ಕಲಿಯುತ್ತಿರುವ ನನಗೂ ಮೊದಲ ತಿರುವುಗಳಲ್ಲಿ ಮೊಣಕಾಲು ಬಿಗಿದೇ ಇತ್ತು. ಭಾರವನ್ನು ಹೊರಗಿನ ಕಾಲಿಗೆ ಕೊಟ್ಟು, ಸ್ಕೀಯ ಲೋಹದ ಅಂಚು ಗಟ್ಟಿ ಹಿಮವನ್ನು ಕಚ್ಚಿ ಹಿಡಿದ ಸದ್ದು ಕೇಳಿದ ಮೇಲೆಯೇ ಧೈರ್ಯ ಬಂದದ್ದು.

ಕೆಳಗೆ ಟೆಸ್ಟಾ ಗ್ರೀಜ ಎಂಬಲ್ಲಿ ಇಟಲಿಯ ಗಡಿ. ಇಲ್ಲಿ ಗಡಿಯೆಂದರೆ ನೀರು ಇಬ್ಭಾಗವಾಗಿ ಹರಿಯುವ ಏಣು. ಹಿಮನದಿ ಕರಗಿದಂತೆ ಆ ಏಣೇ ಸರಿಯುತ್ತಿರುವುದರಿಂದ ಎರಡು ದೇಶಗಳು 2023ರಲ್ಲಿ ಗಡಿರೇಖೆಯ ಬದಲಾವಣೆಗೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಆ ಹಿಮದ ಮೇಲೆಯೇ ಜಾರುತ್ತ ಇದನ್ನು ನೆನೆದಾಗ ಮನಸ್ಸು ಭಾರವಾಯಿತು.

ಅಲ್ಲಿಂದ ಚೆರ್ವೀನಿಯ ಊರಿಗೆ ಇಳಿಯುವ ವೆಂಟೀನ ಎಂಬ ಕೆಂಪು, ಅಂದರೆ ಮಧ್ಯಮ ಕಷ್ಟದ, ಸ್ಕೀ ದಾರಿಯೇ ಈ ಪ್ರವಾಸದ ತಿರುಳು. ಸುಮಾರು 1,400 ಮೀಟರ್‌ಗಳ ಇಳಿತ. ತೊಡೆ ಉರಿಯತೊಡಗಿದಾಗೆಲ್ಲ ಅಂಚಿಗೆ ನಿಂತು, ಮತ್ತೆ ಹೊರಟು, ಮತ್ತೆ ನಿಂತು ಇಳಿದೆ. ಹಾಗೆ ನಿಂತಾಗಲೊಮ್ಮೆ ತಲೆಯೆತ್ತಿ ನೋಡಿದರೆ ನಾನು ಬಲ್ಲ ಕೋಡು ಅಲ್ಲಿರಲಿಲ್ಲ. ಇಟಾಲಿಯನ್ನರು ಚೆರ್ವೀನೊ ಎನ್ನುವ ಅದೇ ಶಿಖರ ಈ ಕಡೆಯಿಂದ ಹರವಾದ ಭುಜಗಳ, ಕಪ್ಪು ಬಂಡೆಯ ಗೋಡೆಯಂತೆ ನಿಂತಿತ್ತು. ಚಿತ್ರಪಟಗಳಲ್ಲಿ ಅಷ್ಟಾಗಿ ಕಾಣದ ಈ ಮುಖವೇ ನನಗೆ ಹೆಚ್ಚು ಹಿಡಿಸಿತು.

ಊರಿನಲ್ಲಿ ಬಿಸಿ ಪೊಲೆಂಟಾ ತಿಂದು ಹೆಚ್ಚು ಹೊತ್ತು ಕೂರಲಿಲ್ಲ. ಮೇಲೆ ಗಾಳಿ ಎದ್ದರೆ ಲಿಫ್ಟುಗಳು ನಿಲ್ಲುತ್ತವೆ. ಆಗ ಮರಳಲು ಪರ್ವತವನ್ನು ಬಳಸಿ ಗಂಟೆಗಟ್ಟಲೆ ರಸ್ತೆಯಲ್ಲಿ ಸಾಗಬೇಕು. ಗಡಿ ದಾಟಿ ಝೆರ್ಮಾಟ್ ಕಡೆಗೆ ಇಳಿಯುವಾಗ ಹಿಮದ ಮೇಲೆ ನೀಲಿ ನೆರಳು ಬಿದ್ದಿತ್ತು, ಎಡಗಡೆಯಲ್ಲಿ ಆ ಬಾಗಿದ ಕೋಡು ಮತ್ತೆ ಮೂಡುತ್ತಿತ್ತು.